ಹೂಕಣಿವೆಯ ಹೊರಗೆ ನಿಂತವರು

ನಮ್ಮ ಕಡೆ ಒಂದು ಗಾದೆಯಿದೆ: ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು. ಮದುವೆ ಮನೆಗಳಲ್ಲಿ ಇದನ್ನು ನಗುತ್ತಲೇ ಹೇಳಿಕೊಳ್ಳುತ್ತೇವೆ. ಕೋಳಿ ಕೂಗುವ ಹೊತ್ತಿನಿಂದ ಒಲೆಯ ಮುಂದೆ ಬೆಂದವಳು ಹಿತ್ತಲ ಬಾಗಿಲಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿರುತ್ತಾಳೆ. ಪಂಕ್ತಿಯಲ್ಲಿ ಬಡಿಸಿದವಳಿಗೆ "ಹೋಳಿಗಿ ಭಾಳ ಛಲೋ ಆಗ್ಯಾವ" ಎಂಬ ಮೆಚ್ಚುಗೆ ದೊರೆಯುತ್ತದೆ. ನಮ್ಮ ಹೆಂಗಸರ ಲೋಕದ ಈ ಸಣ್ಣ ಅನ್ಯಾಯ ಹಿಮಾಲಯದಲ್ಲಿ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ನೆನಪಾದೀತೆಂದು ನಾನು ಎಣಿಸಿರಲಿಲ್ಲ.

2018 ರ ಆಗಸ್ಟ್ ತಿಂಗಳು. ನಾವು ಆರು ಜನ ಶಿಕ್ಷಕಿಯರು ಗಳಿಕೆ ರಜೆ ಹಾಕಿ ಬದರಿಗೆ ಹೋಗಿದ್ದೆವು. ದರ್ಶನ ಮುಗಿದ ಮೇಲೆ ನಮ್ಮಲ್ಲಿ ಚಿಕ್ಕವಳಾದ ವಿಜ್ಞಾನದ ಟೀಚರು ಹಟ ಹಿಡಿದಳು: "ಇಷ್ಟು ದೂರ ಬಂದು ಹೂವಿನ ಕಣಿವೆ ನೋಡದೆ ಹೋಗೋದಾ?" ಬದರಿಯಿಂದ ಇಳಿಯುವ ದಾರಿಯಲ್ಲೇ ಗೋವಿಂದಘಾಟ್ ಸಿಗುತ್ತದೆ. ಅಲ್ಲಿಂದ ಜೀಪಿನಲ್ಲಿ ಪುಲ್ನಾ ಎಂಬ ಹಳ್ಳಿ. ಪುಲ್ನಾದಿಂದ ಘಾಂಘರಿಯಾಗೆ ಹತ್ತು ಕಿಲೋಮೀಟರಿನಷ್ಟು ಏರು. ಮೊಣಕಾಲು ನೋವಿನ ನಾನು ದೇವರ ಮೇಲೆ ಭಾರ ಹಾಕಿ ಹೇಸರಗತ್ತೆ ಏರಿದೆ. ಮರುದಿನ ಬೆಳಿಗ್ಗೆ ಕಣಿವೆಯೊಳಕ್ಕೆ ಮಾತ್ರ ಕತ್ತೆಗೂ ಪ್ರವೇಶವಿಲ್ಲ. ಬಾಗಿಲಲ್ಲಿ ಚೀಟಿ ಕೊಂಡು, ಕೋಲು ಊರಿಕೊಂಡು ನಡೆದೆವು. ಹೂ ಕೀಳಬಾರದು, ರಾತ್ರಿ ತಂಗಬಾರದು, ಸಂಜೆಯೊಳಗೆ ಹೊರಗೆ ಬರಬೇಕು ಎಂಬ ನಿಯಮಗಳನ್ನು ಬಾಗಿಲಲ್ಲೇ ಹೇಳಿ ಕಳಿಸಿದರು. ಶಾಲೆಯ ಮಕ್ಕಳಂತೆ ತಲೆಯಾಡಿಸಿದೆವು.

ಒಳಗೆ ಕಂಡದ್ದನ್ನು ಹೇಗೆ ಹೇಳಲಿ? ಕೆಳಗೆ ಪುಷ್ಪಾವತಿ ನದಿ. ಮೇಲೆ ಮಂಜಿನ ಮುಸುಕು ಆಗಾಗ ಸರಿದು ಹಿಮದ ಹಣೆಯೊಂದು ಕಾಣುತ್ತಿತ್ತು. ನಡುವೆ ಸೊಂಟದೆತ್ತರಕ್ಕೆ ಗುಲಾಬಿ ಬಣ್ಣದ ಕಾಡು ಗೌರಿಹೂ, ಅದರ ಬುಡದಲ್ಲಿ ಹಳದಿ, ನೀಲಿ, ನೇರಳೆ. ಬಯಲುಸೀಮೆಯಲ್ಲಿ ಹುಟ್ಟಿ, ಒಂದು ಮೊಳ ಮಲ್ಲಿಗೆಗೆ ಚೌಕಾಸಿ ಮಾಡುವ ನಮಗೆ ಮಾತೇ ಹೊರಡಲಿಲ್ಲ. "ದೇವರೇ ಕೂತು ಮಾಡಿದ ತೋಟ" ಎಂದೆ ನಾನು.

ನಮ್ಮ ಜೊತೆ ದಾರಿ ತೋರಿಸಲು ಬಂದಿದ್ದ ಹಿರಿಯರು ಅಲ್ಲಿಯ ಭ್ಯುಂಡಾರ್ ಹಳ್ಳಿಯವರು. ನನ್ನ ಹರಕು ಹಿಂದಿ ಅವರಿಗೆ ಅರ್ಥವಾಯಿತೆಂದು ತೋರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ದೇವರು ಮಾಡಿದ್ದೇ, ಬಹೆನ್‌ಜಿ. ಆದರೆ ನಮ್ಮಪ್ಪ ಇಲ್ಲಿ ಕುರಿ ಮೇಯಿಸುತ್ತಿದ್ದ. ಮಳೆಗಾಲವೆಲ್ಲ ಇಲ್ಲೇ ಇರುತ್ತಿದ್ದ. ನಾನೀಗ ನಿಮ್ಮ ಜೊತೆ ಬೆಳಿಗ್ಗೆ ಬಂದು ಸಂಜೆ ಹೊರಗೆ ಹೋಗಬೇಕು." ದನಿಯಲ್ಲಿ ಸಿಟ್ಟಿರಲಿಲ್ಲ. ಎದುರಿನ ಇಳಿಜಾರಿನಲ್ಲಿ ಏಳೆಂಟು ಜನ ಬಗ್ಗಿ ಎತ್ತರದ ಗಿಡವೊಂದನ್ನು ಕಿತ್ತು ಕಿತ್ತು ಗುಡ್ಡೆ ಹಾಕುತ್ತಿದ್ದರು. ಅದೇನೆಂದು ಕೇಳಿದೆ. ಪಾಲಿಗೋನಮ್ ಎಂಬ ಗಿಡ, ಬಿಟ್ಟರೆ ಉಳಿದ ಹೂಗಳನ್ನು ನುಂಗಿಬಿಡುತ್ತದೆ, ಅದಕ್ಕೇ ಪ್ರತಿ ವರ್ಷ ಕೂಲಿ ಕೊಟ್ಟು ಕೀಳಿಸುತ್ತಾರೆ ಎಂದರು. ಮತ್ತೆ ಮೆಲ್ಲಗೆ, "ಮೊದಲು ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಕುರಿ ಮಾಡುತ್ತಿತ್ತು" ಎಂದರು.

ಆ ಮಾತು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ಊರಿಗೆ ಬಂದ ಮೇಲೂ ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ.

ಈ ಕಣಿವೆಯನ್ನು ಹೊರಜಗತ್ತಿಗೆ ತೋರಿಸಿದವನು ಫ್ರಾಂಕ್ ಸ್ಮೈತ್ ಎಂಬ ಇಂಗ್ಲಿಷ್ ಪರ್ವತಾರೋಹಿ. 1931 ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುವಾಗ ಅವನೂ ಅವನ ಸಂಗಡಿಗರೂ ಇಲ್ಲಿಗೆ ಬಂದರು. 1937 ರಲ್ಲಿ ಮತ್ತೆ ಬಂದು ವಾರಗಟ್ಟಲೆ ಉಳಿದು ಹೂ, ಬೀಜ ಸಂಗ್ರಹಿಸಿದ. ಮರುವರ್ಷ ಹೂವಿನ ಕಣಿವೆ ಎಂಬ ಹೆಸರಿನಲ್ಲೇ ಪುಸ್ತಕ ಬರೆದ. ಆ ಹೆಸರೇ ನಿಂತಿತು. 1939 ರಲ್ಲಿ ಜೋನ್ ಮಾರ್ಗರೆಟ್ ಲೆಗ್ ಎಂಬ ಸಸ್ಯಶಾಸ್ತ್ರದ ಹೆಣ್ಣುಮಗಳು ಹೂ ಹುಡುಕುತ್ತ ಇಲ್ಲಿ ಜಾರಿ ಬಿದ್ದು ತೀರಿಕೊಂಡಳು. ಅವಳ ಒಡಹುಟ್ಟಿದವಳು ಬಂದು ನಿಲ್ಲಿಸಿದ ಸಮಾಧಿಯ ಕಲ್ಲು ಈಗಲೂ ಹೂಗಳ ನಡುವೆ ಇದೆ. ನಾವೂ ಅದರ ಮುಂದೆ ಕೈಮುಗಿದೆವು. ಹೂವಿಗಾಗಿ ಸಮುದ್ರ ದಾಟಿ ಬಂದು ಇಲ್ಲೇ ಉಳಿದವಳು, ಕೈಮುಗಿಯಬೇಕಾದದ್ದೇ.

ಆದರೆ ಸ್ಮೈತ್ ಬರುವ ಮೊದಲೇ ಅಲ್ಲಿ ಕುರುಬರಿದ್ದರು, ಕುರಿ ಆಡುಗಳಿದ್ದವು. ಅವನು ಕಂಡು ಬೆರಗಾದದ್ದು ಯಾರೂ ಕಾಲಿಡದ ಕಣಿವೆಯಲ್ಲ. ಬೇಸಗೆ ಮಳೆಗಾಲಗಳಲ್ಲಿ ಮೇಯುತ್ತಿದ್ದ, ಚಳಿಗಾಲದಲ್ಲಿ ಹಿಮ ಹೊದ್ದು ಮಲಗುತ್ತಿದ್ದ ಕಣಿವೆ. ಅವನು ಬಡಿಸಿದ. ಒಲೆಯ ಮುಂದಿದ್ದವರ ಹೆಸರಿನ ಕಲ್ಲು ಅಲ್ಲಿ ಎಲ್ಲೂ ಇಲ್ಲ.

1982 ರಲ್ಲಿ ಸುಮಾರು 87 ಚದರ ಕಿಲೋಮೀಟರಿನ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷದಿಂದ ಕುರಿ ಮೇಯಿಸುವುದು ನಿಂತಿತು. 2005 ರಲ್ಲಿ ನೆರೆಯ ನಂದಾದೇವಿ ಉದ್ಯಾನದ ಜೊತೆ ಸೇರಿ ವಿಶ್ವ ಪರಂಪರೆಯ ತಾಣವೂ ಆಯಿತು. ಉದ್ದೇಶ ಒಳ್ಳೆಯದೇ. ಹೂ ಉಳಿಯಲಿ, ಕಸ್ತೂರಿ ಮೃಗ ಉಳಿಯಲಿ, ಹಿಮಚಿರತೆ ಉಳಿಯಲಿ. ಕುರಿ ಎಂದರೆ ತಿನ್ನುವ ಪ್ರಾಣಿ. ಹೂ ಎಂದರೆ ತಿನ್ನಿಸಿಕೊಳ್ಳುವ ವಸ್ತು. ಕುರಿ ಹೋದರೆ ಹೂ ಹೆಚ್ಚುತ್ತದೆ. ಈ ಲೆಕ್ಕದಲ್ಲಿ ತಪ್ಪೆಲ್ಲಿದೆ? ನಾನಾಗಿದ್ದರೂ ಸರಿಯಿದೆ ಎಂದು ಮಾರ್ಕು ಕೊಡುತ್ತಿದ್ದೆ.

ಆದರೆ ನಾನು ರಾಣೆಬೆನ್ನೂರಿನ ಕಡೆಯ ಹಳ್ಳಿಯ ಮಗಳು. ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಬಂದರೆ ನಮ್ಮಪ್ಪ ಊರ ಹೊರಗೆ ಹೋಗಿ ಅವರನ್ನು ಕರೆದು, ಕಾಳು ಕೊಟ್ಟು, ಹೊಲದಲ್ಲಿ ಕುರಿ ತರುಬಿಸುತ್ತಿದ್ದ. ರಾತ್ರಿಯೆಲ್ಲ ಮಂದೆ ಹೊಲದಲ್ಲಿ ಮಲಗಿ ಎದ್ದರೆ ಹಿಕ್ಕೆ, ಗಂಜಲ ಮಣ್ಣಿಗಿಳಿಯುತ್ತದೆ. ಮುಂದಿನ ವರ್ಷ ಆ ಹೊಲದ ಜೋಳ ನೋಡಬೇಕು! ಕುರಿಯ ಬಾಯಿ ಒಂದು ಕಡೆ ಕಳೆದರೆ ಅದರ ಹಿಂಬದಿ ಇನ್ನೊಂದು ಕಡೆ ಕೂಡಿಸುತ್ತದೆ ಎಂದು ಅಪ್ಪ ನಗುತ್ತಿದ್ದ. ಬಿಎಡ್ ಓದಿದ ನಾನು ಮರೆತದ್ದನ್ನು ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಬಲ್ಲವನಾಗಿದ್ದ.

ಬೆಟ್ಟದ ಹುಲ್ಲುಗಾವಲಿನಲ್ಲಿಯೂ ನಡೆಯುವುದು ಇಂಥದೇ. ಹೂ ಹುಟ್ಟಿಸುವುದು ಹಿಮ, ಮಳೆ, ಮಣ್ಣು, ಕುರಿಯಲ್ಲ, ನಿಜ. ಆದರೆ ಎತ್ತರಕ್ಕೆ ಬೆಳೆಯುವ ಒರಟು ಗಿಡಗಳ ತಲೆಯನ್ನು ಕುರಿ ಕಚ್ಚಿದಾಗ ಕೆಳಗಿನ ಗಿಡ್ಡ ಗಿಡಗಳಿಗೆ ಬಿಸಿಲು ಸಿಗುತ್ತದೆ. ಕೂದಲಿಗೆ ಅಂಟಿದ ಬೀಜ ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕುರಿಯನ್ನು ನಿಲ್ಲಿಸಿದ ಮೇಲೆಯೇ ಪಾಲಿಗೋನಮ್ ಹಬ್ಬಿತು ಎಂದು ಕೆಲವು ತಜ್ಞರು ವಾದಿಸಿದರು. ಇನ್ನು ಕೆಲವರು ಒಪ್ಪಲಿಲ್ಲ. ಈ ಗಿಡ ಹೊರಗಿನದಲ್ಲ, ಹಿಮಾಲಯದ್ದೇ. ಕುಸಿದ ಇಳಿಜಾರುಗಳಲ್ಲಿ ಬೆಳೆದು ಮಣ್ಣು ಹಿಡಿಯುತ್ತದೆ. ಮೇಯಿಸುವುದು ನಿಂತದ್ದರಿಂದ ತುಳಿತ ತಪ್ಪಿ ಅಪರೂಪದ ಗಿಡಗಳಿಗೆ ಒಳ್ಳೆಯದೇ ಆಗಿದೆ ಎಂದರು. ತೀರ್ಪು ಕೊಡುವ ಯೋಗ್ಯತೆ ನನ್ನದಲ್ಲ. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಬದಲಾವಣೆಯ ಮುಂಚೆ ತಲೆತಲಾಂತರದಿಂದ ಆ ಕಣಿವೆಯನ್ನು ಬಲ್ಲವರ ಬಳಿ ಕೂತು, ಯಾವ ತಿಂಗಳು ಎಷ್ಟು ಕುರಿ, ಯಾವ ಇಳಿಜಾರಿಗೆ ಯಾವಾಗ ಬಿಡುವು ಎಂದು ಕೇಳಿ ಬರೆದುಕೊಳ್ಳಬೇಕಿತ್ತಲ್ಲವೇ?

ಇದೇ ನಂದಾದೇವಿಯ ಸೆರಗಿನಲ್ಲಿ ಇನ್ನೊಂದು ಊರಿದೆ: ರೇಣಿ. ಜೋಶಿಮಠದಿಂದ ನೀತಿ ಕಣಿವೆಯ ಕಡೆಗೆ ತಿರುಗಿದರೆ ಸಿಗುತ್ತದೆ. ನಾನು ಪ್ರತಿ ವರ್ಷ ಮಕ್ಕಳಿಗೆ ಚಿಪ್ಕೋ ಪಾಠ ಮಾಡುತ್ತೇನೆ. 1974 ರ ಮಾರ್ಚ್ 26 ರಂದು, ಗಂಡಸರಿಲ್ಲದ ದಿನ ನೋಡಿ ಮರ ಕಡಿಯಲು ಬಂದವರನ್ನು ಗೌರಾದೇವಿ ಎಂಬ ವಿಧವೆ ಇಪ್ಪತ್ತೇಳು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತಡೆದಳು, ಕಾಡು ಉಳಿಯಿತು. ಪಾಠ ಅಲ್ಲಿಗೆ ಮುಗಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದರ ಮುಂದಿನ ಪುಟವನ್ನು ನಾನು ಓದಿದ್ದು ಈ ಪ್ರವಾಸದ ನಂತರ. 1982 ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನವಾದಾಗ ರೇಣಿ, ಲಾತಾ ಮೊದಲಾದ ಹಳ್ಳಿಗಳವರಿಗೇ ಒಳಗಿನ ಹುಲ್ಲುಗಾವಲುಗಳ ದಾರಿ ಮುಚ್ಚಿತು. 1962 ರ ಯುದ್ಧದಿಂದ ಟಿಬೆಟ್ಟಿನ ಜೊತೆಗಿನ ವ್ಯಾಪಾರ ಕಳೆದುಕೊಂಡಿದ್ದ ಭೋಟಿಯಾ ಜನಕ್ಕೆ ಅದು ಎರಡನೆಯ ಪೆಟ್ಟು. ಪರ್ವತಾರೋಹಿಗಳ ತಂಡಗಳು ಚೆಲ್ಲಿದ ಕಸ, ಉರುವಲಿಗೆಂದು ಕಡಿದ ಪೊದೆಗಳು, ಕಸ್ತೂರಿ ಮೃಗದ ಬೇಟೆ, ಗಿಡಮೂಲಿಕೆಗಳ ಲೂಟಿ ಎಲ್ಲವೂ ನಿಜವಾಗಿದ್ದವು. ಬಾಗಿಲು ಹಾಕಲು ಕಾರಣವಿತ್ತು. ಆದರೆ ಕಸ ಚೆಲ್ಲಿದವರಿಗೆ ಹೋಗಲು ಬೇರೆ ಶಿಖರಗಳಿದ್ದವು. ಕುರಿಯವರಿಗೆ ಬೇರೆ ಹುಲ್ಲುಗಾವಲಿರಲಿಲ್ಲ. 1998 ರಲ್ಲಿ ಹಳ್ಳಿಯವರು "ಝಪ್ಟೋ ಛೀನೋ" ಎಂದು, ಅಂದರೆ ಎಗರಿ ಕಸಿದುಕೊಳ್ಳಿ ಎಂದು ಕೂಗುತ್ತ ತಮ್ಮದೇ ಬೆಟ್ಟದೊಳಕ್ಕೆ ನುಗ್ಗಬೇಕಾಯಿತು. ಕಾಡನ್ನು ಅಪ್ಪಿಕೊಂಡು ಉಳಿಸಿದ ಊರಿನ ಜನ ಅದರಿಂದ ಹೊರಗಾದ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳಲಿ? ಯಾವ ಪ್ರಶ್ನೋತ್ತರದಲ್ಲಿ ಸೇರಿಸಲಿ?

ಇಷ್ಟು ಹೊತ್ತು ಊರವರ ಮಾತಾಡಿದೆ. ಈಗ ನನ್ನ ಮನೆಯ ಮಾತು.

ನಮ್ಮ ಹಳ್ಳಿಯ ಮನೆ ಮಣ್ಣಿನ ಮಾಳಿಗೆಯ ಮನೆ. ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲದವಳು, ಆ ಮನೆಯಲ್ಲೇ ಐವತ್ತು ವರ್ಷ ಬಾಳಿದಳು. ನಾವೆಲ್ಲ ಓದಿ, ನೌಕರಿ ಹಿಡಿದು, ಪಟ್ಟಣ ಸೇರಿದೆವು. ದೀಪಾವಳಿಗೆ ಹೋದಾಗಲೆಲ್ಲ ಮನೆ ಕನ್ನಡಿಯಂತಿರುತ್ತಿತ್ತು. ಸಾರಿಸಿದ ನೆಲ, ತಂಪು ಗೋಡೆ, ಹಿತ್ತಲಲ್ಲಿ ನುಗ್ಗೆ, ಕರಿಬೇವು, ದುಂಡುಮಲ್ಲಿಗೆ. "ಅಜ್ಜನ ಕಾಲದ ಮನೆ ಎಷ್ಟು ಗಟ್ಟಿ ನೋಡು" ಎನ್ನುತ್ತಿದ್ದೆವು. ಮನೆ ಗಟ್ಟಿಯಿದೆ ಎನ್ನುತ್ತಿದ್ದೆವೇ ಹೊರತು ದೊಡ್ಡವ್ವ ಗಟ್ಟಿಯಾಗಿ ಇಟ್ಟಿದ್ದಾಳೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

2014 ರಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ನನ್ನ ತಮ್ಮಂದಿರು ಸೇರಿ ಮಾತಾಡಿದರು. ನಾನೂ ಇದ್ದೆ. ಮನೆಯನ್ನು ಮಾರುವುದು ಬೇಡ, ಅಜ್ಜನ ನೆನಪಿಗೆ ಹಾಗೇ ಉಳಿಸೋಣ. ದೊಡ್ಡವ್ವನನ್ನು ಪಟ್ಟಣಕ್ಕೆ ಕರೆತರೋಣ. ಅವಳ ಕಟ್ಟಿಗೆ ಒಲೆಯ ಹೊಗೆಯಿಂದ ತೊಲೆ ಜಂತಿಗಳೆಲ್ಲ ಕರಿ ಹಿಡಿದಿವೆ, ಇನ್ನು ಅದಾದರೂ ನಿಲ್ಲುತ್ತದೆ. ಹೀಗೆ ನಿರ್ಧಾರವಾಯಿತು. ನಾನು "ಹೌದು, ಅದೇ ಸರಿ" ಎಂದೆ. ಬೀಗ ಹಾಕಿ ಬಂದೆವು. ಬೀಗದ ಕೈ ನನ್ನ ಬೀರುವಿನಲ್ಲಿತ್ತು.

ಮೂರು ಮಳೆಗಾಲ ಕಳೆದು ತೆರೆದಾಗ ಗೆದ್ದಲು ತೊಲೆಗಳನ್ನು ತಿಂದಿತ್ತು. ಒಂದು ಮೂಲೆ ಕುಸಿದಿತ್ತು. ಹಿತ್ತಲೆಲ್ಲ ಕಾಂಗ್ರೆಸ್ ಕಸ. ಆಮೇಲೆ ಊರಿನ ಬಡಗಿ ಹೇಳಿದ: "ಒಲಿ ಹೊಗಿ ಇದ್ದಿದ್ರ ಹುಳಾ ಬರ್ತಿರಲಿಲ್ರೀ ಅಕ್ಕಾರ. ಆ ಕರೀ ಮಸೀನೇ ಅದಕ್ಕ ಔಷಧ." ಮನೆಯನ್ನು ಕೆಡಿಸುತ್ತಿದೆ ಎಂದು ನಾವು ತಿಳಿದಿದ್ದ ಹೊಗೆಯೇ ಮನೆಯನ್ನು ಕಾಯುತ್ತಿತ್ತು. ಪ್ರತಿ ಮುಂಗಾರಿಗೆ ಮುಂಚೆ ದೊಡ್ಡವ್ವ ಆಳು ಹಿಡಿದು ಮಾಳಿಗೆಗೆ ಸವಳು ಮಣ್ಣು ಹಾಕಿಸುತ್ತಿದ್ದಳೆಂಬುದೂ ನಮಗೆ ಆಗಲೇ ತಿಳಿದದ್ದು. ಮನೆ ಉಳಿಸಬೇಕೆಂದು, ಉಳಿಸಿಕೊಂಡು ಬಂದವಳನ್ನೇ ಹೊರಗೆ ಹಾಕಿ ಬೀಗ ಜಡಿದಿದ್ದೆವು.

ಕಣಿವೆಯಲ್ಲಿ ಆ ಹಿರಿಯರು "ಕುರಿ ಮಾಡುತ್ತಿತ್ತು" ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಕುರಿಯಲ್ಲ, ದೊಡ್ಡವ್ವನ ಒಲೆಯ ಹೊಗೆ.

ಹಾಗೆಂದು ಬೀಗವೇ ಬೇಡ ಎಂದು ಹೇಳುವಷ್ಟು ಸರಳ ಮಾತಲ್ಲ ಇದು. ಮನೆ ಬೇರೆ, ಬೆಟ್ಟ ಬೇರೆ. ದೊಡ್ಡವ್ವ ಒಬ್ಬಳು; ಕುರಿಗಳ ಸಂಖ್ಯೆ ಮಿತಿಮೀರಿದರೆ ಅದೇ ಬಾಯಿ ಬೇರನ್ನೂ ತಿನ್ನುತ್ತದೆ, ಅದೇ ಗೊರಸು ಮಣ್ಣನ್ನು ಕಡಿಯುತ್ತದೆ. ಅಪ್ಪನೂ ಕುರಿ ತರುಬಿಸುತ್ತಿದ್ದುದು ಕೆಲವೇ ರಾತ್ರಿ. ಪೈರಿದ್ದಾಗ ಹೊಲದ ಹತ್ತಿರ ಬಿಡುತ್ತಿರಲಿಲ್ಲ. ಹಿಂದಿನವರು ಮಾಡಿದ್ದೆಲ್ಲ ಸರಿ ಎನ್ನುವುದೂ ಒಂದು ಬಗೆಯ ಸೋಮಾರಿತನ. ಕೆಲವು ಜಾಗಗಳಿಗೆ ಮನುಷ್ಯರಿಂದ ನಿಜವಾಗಿ ವಿಶ್ರಾಂತಿ ಬೇಕು, ಬಾಣಂತಿಗೆ ಬೇಕಾದಂತೆ. ಆದರೆ ಬಾಣಂತಿಯ ಕೋಣೆಗೆ ಬಾಗಿಲು ಹಾಕುವ ಮುಂಚೆ ಅವಳ ತಾಯಿಯನ್ನು ಹೊರಗೆ ನಿಲ್ಲಿಸುತ್ತೇವೆಯೇ?

ರಾಜಸ್ಥಾನದ ಭರತ್‌ಪುರದ ಪಕ್ಷಿಧಾಮದಲ್ಲಿ ಹೀಗೇ ಆಯಿತು. 1982 ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಗಲಭೆಯಾಗಿ ಪೊಲೀಸರ ಗುಂಡಿಗೆ ಹಳ್ಳಿಗರು ಸತ್ತರು. ಆಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಂಡುಕೊಂಡದ್ದೇನು? ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿ, ಹಕ್ಕಿಗಳಿಗೇ ತೊಂದರೆಯಾಗಿತ್ತು. ಗೊತ್ತಾಗುವ ಹೊತ್ತಿಗೆ ಸತ್ತವರು ಸತ್ತಾಗಿತ್ತು. ಇನ್ನೊಂದು ಕಡೆ, ಫ್ರಾನ್ಸಿನ ದಕ್ಷಿಣದಲ್ಲಿ ಸೇವೆನ್ ಎಂಬ ಬೆಟ್ಟಸೀಮೆಯಿದೆ. 1970 ರಲ್ಲಿ ಅದೂ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅಲ್ಲಿ ಉದ್ಯಾನದ ನಡುವೆಯೇ ಜನ ಉಳಿದರು. ಬೇಸಗೆಯಲ್ಲಿ ಮಂದೆಗಳು ಹಳೆಯ ಕುರಿದಾರಿಗಳಲ್ಲಿ ಬೆಟ್ಟ ಹತ್ತುತ್ತವೆ. 2011 ರಲ್ಲಿ ಆ ಸೀಮೆಗೆ ವಿಶ್ವ ಪರಂಪರೆಯ ಗೌರವ ಸಿಕ್ಕಿದ್ದೇ ಕುರಿ ಸಾಕಣೆ, ಬೇಸಾಯಗಳು ರೂಪಿಸಿದ ನೆಲ ಎಂಬ ಕಾರಣಕ್ಕೆ. ಅಲ್ಲಿ ಅಡಿಗೆ ಮಾಡಿದವರ ಹೆಸರೂ ಪಂಕ್ತಿಯಲ್ಲಿ ಕೇಳಿಬಂತು. ನಮ್ಮ ದೇಶದಲ್ಲೂ 2006 ರ ಅರಣ್ಯ ಹಕ್ಕು ಕಾಯಿದೆ ಅಲೆಮಾರಿ ಕುರಿಗಾರರಿಗೆ ಋತುಮಾನಕ್ಕೆ ತಕ್ಕಂತೆ ಮೇಯಿಸುವ ಹಕ್ಕನ್ನು ಒಪ್ಪಿದೆ. ಕಾಗದದ ಮೇಲೆ ಬರೆಯುವುದಕ್ಕೂ ಬೆಟ್ಟದ ಬಾಗಿಲಲ್ಲಿ ತೆರೆಯುವುದಕ್ಕೂ ನಡುವಿನ ಏರು ಘಾಂಘರಿಯಾದ ಏರಿಗಿಂತ ಕಡಿದೋ ಏನೋ.

ಯೋಚಿಸುತ್ತ ಹೋದಂತೆ ನನಗೆ ಅನ್ನಿಸುವುದಿಷ್ಟು. ನಾವು ಚೆಲುವನ್ನು ಕಂಡಾಗ ಅದು ತಾನಾಗಿ ಇದೆ ಎಂದು ನಂಬಲು ಬಯಸುತ್ತೇವೆ. ಯಾರದೋ ಕೈ ಅದರ ಹಿಂದಿದೆ ಎಂದರೆ ಆ ಕೈಗೆ ಏನೋ ಸಲ್ಲಿಸಬೇಕಾಗುತ್ತದೆ. ದೇವರು ಮಾಡಿದ್ದೆಂದರೆ ಕೈಮುಗಿದರೆ ಮುಗಿಯಿತು. ಒಗೆದು ಮಡಿಸಿಟ್ಟ ಬಟ್ಟೆ, ಹದವಾಗಿ ಹೆಪ್ಪಾದ ಮೊಸರು, ಹೊತ್ತಿಗೆ ಸರಿಯಾಗಿ ಬಂದ ಚಹಾ ಇವೆಲ್ಲ ತಾವಾಗಿ ಆಗುತ್ತವೆಂದು ನಂಬಿ ಬೆಳೆದ ಮನೆಗಳಲ್ಲಿ ಬದುಕಿದ ನಮಗೆ ಇದು ಬೇರೆಯವರಿಗಿಂತ ಬೇಗ ತಿಳಿಯಬೇಕಿತ್ತು. ಆದರೆ ಪ್ರವಾಸಿಯಾಗಿ ಹೋದಾಗ ನಾನೂ ಮನೆಯ ಯಜಮಾನನ ಹಾಗೆಯೇ ನೋಡಿದೆ. ನನ್ನ ಮನೆಯಲ್ಲಿಯೂ ಹಾಗೆಯೇ ನೋಡಿದ್ದೆ. ನೋವಾಗುವುದು ಅದಕ್ಕೆ.

ಪ್ರವಾಸದಿಂದ ಬಂದ ವಾರ ತಮ್ಮನ ಮನೆಗೆ ಹೋದೆ. ದೊಡ್ಡವ್ವ ಕಿಟಕಿಯ ಬಳಿ ಕುಳಿತಿದ್ದಳು. ಬದರಿಯ ಪ್ರಸಾದ ಕೊಟ್ಟೆ. ಆಮೇಲೆ, ನಾಲ್ಕು ವರ್ಷ ಮುಂಚೆ ಕೇಳಬೇಕಿದ್ದ ಮಾತನ್ನು ಕೇಳಿದೆ: "ದೊಡ್ಡವ್ವ, ಮನಿ ರಿಪೇರಿ ಮಾಡಸ್ಬೇಕು. ಹೆಂಗ ಮಾಡೋಣು?"

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. "ಈಗ ಕೇಳ್ತೀಯೇನು? ನನ್ನ ಕಾಲು ಎಲ್ಲಿ ಅದಾವ ಈಗ?" ಎಂದಳು. ನಾನು ತಲೆ ತಗ್ಗಿಸಿದೆ. ಬೇರೆ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳತೊಡಗಿದಳು. ಸವಳು ಮಣ್ಣು ಯಾವ ಹಳ್ಳದ ದಂಡೆಯದು ತರಬೇಕು, ಯಾವ ನಕ್ಷತ್ರ ಹುಟ್ಟುವ ಮುಂಚೆ ಹಾಕಬೇಕು, ಹುಳ ತಿಂದ ತೊಲೆಯ ಬದಲಿಗೆ ಯಾವ ಮರ, ವಾರಕ್ಕೆ ಎಷ್ಟು ದಿನ ಒಲೆ ಹಚ್ಚಿದರೆ ಸಾಕು. ನಾನು ಚೀಲದಿಂದ ಶಾಲೆಯ ನೋಟ್‌ಬುಕ್ ತೆಗೆದು ಬರೆದುಕೊಂಡೆ. ನಾಲ್ಕು ಪುಟ ತುಂಬಿತು. ನಡುನಡುವೆ ಅವಳು "ಬರದಿ?" ಎಂದು ಕೇಳುತ್ತಿದ್ದಳು, ಡಿಕ್ಟೇಷನ್ ಕೊಡುವ ಟೀಚರಿನ ಹಾಗೆ.

ಮನೆಯ ಅರ್ಧ ಭಾಗ ಉಳಿಯಿತು. ಕುಸಿದ ಮೂಲೆಯನ್ನು ಕಟ್ಟಲಾಗಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳೊಬ್ಬಳಿಗೆ ಬೀಗದ ಕೈ ಕೊಟ್ಟಿದ್ದೇವೆ. ಆಕೆ ರೊಟ್ಟಿ ಮಾಡಲು ನಮ್ಮ ಒಲೆಯನ್ನೇ ಹಚ್ಚುತ್ತಾಳೆ. ದೊಡ್ಡವ್ವ 2020 ರಲ್ಲಿ ತೀರಿಕೊಂಡಳು. ಆ ನಾಲ್ಕು ಪುಟಗಳು ನನ್ನ ಬೀರುವಿನಲ್ಲಿ, ಮೊದಲು ಬೀಗದ ಕೈ ಇದ್ದ ಜಾಗದಲ್ಲಿವೆ. ಹೂವಿನ ಕಣಿವೆಯ ಆ ಹಿರಿಯರ ಬಳಿ, ಅವರಂಥ ಇನ್ನೂ ಎಷ್ಟೋ ಜನರ ಬಳಿ ಇಂಥ ಪುಟಗಳು ಬರೆಯದೆ ಉಳಿದಿವೆ. ಅವರಿಗೆ ವಯಸ್ಸಾಗುತ್ತಿದೆ. ಯಾರಾದರೂ ನೋಟ್‌ಬುಕ್ ಹಿಡಿದು ಹೋದಾರೇ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಈ ವರ್ಷ ಚಿಪ್ಕೋ ಪಾಠ ಮುಗಿಸಿದ ಮೇಲೆ ಮಕ್ಕಳು ಚಪ್ಪಾಳೆ ತಟ್ಟಿದರು. "ತಡೀರಿ, ಕಥೆ ಇನ್ನೂ ಇದೆ" ಎಂದೆ.